ಒಂಬತ್ತನೇ ಸೆಲ್ಲಿನ ಬಾಗಿಲು

ಜೈಲಿನಲ್ಲಿ ಎಲ್ಲರೂ ಅವರನ್ನು ಬಂಡೆ ಎಂದೇ ಕರೆಯುತ್ತಿದ್ದರು. ಒಂಟಿ ಕೋಣೆಗಳ ವಿಭಾಗಕ್ಕೆ ಹೆಡ್ ವಾರ್ಡರು, ಇಪ್ಪತ್ತಾರು ವರ್ಷದ ಸರ್ವಿಸ್. ಕೈದಿ ಕಿರುಚಲಿ, ಉಗುಳಲಿ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಲಿ, ಅವರ ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಹೊಸದಾಗಿ ಸೇರಿದ ವಾರ್ಡರುಗಳು ಆ ಮುಖ ನೋಡಿ ಧೈರ್ಯ ತಂದುಕೊಳ್ಳುತ್ತಿದ್ದರು. ಬಂಡೆಯ ಎದೆಯ ಡವಡವ ಹೊರಗೆ ಕೇಳಿಸುವಂತಿದ್ದರೆ ಆ ಹೊಸಬರು ಅವತ್ತೇ ರಾಜೀನಾಮೆ ಕೊಟ್ಟು ಮನೆಗೆ ಓಡುತ್ತಿದ್ದರೋ ಏನೋ. ಬೆಳಿಗ್ಗೆ ಬೂಟಿನ ಲೇಸು ಕಟ್ಟುವಾಗ ಶುರುವಾದ ಭಯ ಸಂಜೆ ಯೂನಿಫಾರ್ಮ್ ಬಿಚ್ಚಿದರೂ ಬಂಡೆಯನ್ನು ಬಿಡುತ್ತಿರಲಿಲ್ಲ.

ಆ ಹೆಸರು ಬಂದ ಕಥೆಯೂ ಹಾಗೆಯೇ. ಮೂರು ವರ್ಷದ ಹಿಂದೆ ಊಟದ ಹಾಲಿನಲ್ಲಿ ಒಬ್ಬ ಕೈದಿ ಸ್ಟೀಲ್ ತಟ್ಟೆಯಿಂದ ಬೀಸಿ ಹೊಡೆದು ಒಬ್ಬ ವಾರ್ಡರನ ದವಡೆ ಮುರಿದ. ಉಳಿದವರೆಲ್ಲ ಚೆಲ್ಲಾಪಿಲ್ಲಿಯಾದರು. ಇವರೊಬ್ಬರೇ ಎರಡು ಮಾರು ದೂರದಲ್ಲಿ ನಿಂತಲ್ಲೇ ನಿಂತಿದ್ದರು. ಅಬ್ಬಾ, ಬಂಡೆಯ ಹಾಗೆ ನಿಂತಿದ್ದರು ಎಂದು ಮಾತಾಯಿತು. ನಿಜ ಏನೆಂದರೆ, ಕಾಲು ಕೀಳಬೇಕೆಂದರೂ ಕಾಲು ಬಂದಿರಲಿಲ್ಲ.

ಆ ಕೈದಿ ಕಸುಬಿನಲ್ಲಿ ಬಡಗಿ. ಅವತ್ತೇ ಅವನನ್ನು ಒಂಬತ್ತನೇ ಸೆಲ್ಲಿಗೆ ಹಾಕಿದರು. ಪ್ರತಿ ಸೋಮವಾರ ಹೆಡ್ ವಾರ್ಡರು ಬಾಗಿಲಿನ ಕಿಂಡಿಯಲ್ಲಿ ಇಣುಕಿ, ಅವನ ವರ್ತನೆ ಹೇಗಿದೆ ಎಂದು ಫಾರ್ಮಿನಲ್ಲಿ ಬರೆಯಬೇಕು. ಬಂಡೆ ಬರೆಯುತ್ತಿದ್ದದ್ದು ಒಂದೇ ಸಾಲು: ‘ಅಪಾಯಕಾರಿ, ಬದಲಾವಣೆ ಇಲ್ಲ.’ ಹಿಂದಿನ ವಾರದ ಫಾರ್ಮ್ ಪಕ್ಕಕ್ಕಿಟ್ಟುಕೊಂಡು ಇಳಿಸಿಬಿಡುವುದು ಅಲ್ಲಿ ಎಲ್ಲರ ರೂಢಿ. ಹೀಗೆ ನೂರೈವತ್ತಕ್ಕೂ ಹೆಚ್ಚು ಸೋಮವಾರಗಳು ಕಳೆದವು. ಇವರಿಗೆ ಅವನ ಮೇಲೆ ಹಗೆಯೇನೂ ಇರಲಿಲ್ಲ, ಆ ಬಾಗಿಲು ತೆರೆಯದಿದ್ದರೆ ಸಾಕಾಗಿತ್ತು.

ಅಷ್ಟರಲ್ಲಿ ಯಾರನ್ನೂ ವರ್ಷಗಟ್ಟಲೆ ಒಂಟಿಯಾಗಿಡಬಾರದೆಂದು ಮೇಲಿನಿಂದ ಆದೇಶ ಬಂತು. ಸಿಬ್ಬಂದಿಗೆ ಹೊಸ ಪದ್ಧತಿ ಕಲಿಸಲು ಒಬ್ಬ ಮೇಡಂ ಬಂದರು. ತೆಳ್ಳಗಿನ ಹೆಂಗಸು, ಮೆಲುದನಿ, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಗುವವರೆಗೆ ಜಪ್ಪಯ್ಯ ಅಂದರೂ ಬಿಡುವವರಲ್ಲ. ಮೊದಲ ದಿನವೇ ಹಳೆಯ ಫಾರ್ಮುಗಳನ್ನು ಮೇಜಿನ ಮೇಲೆ ಹರಡಿದರು. ಈ ಮೂರು ವರ್ಷದಲ್ಲಿ ಬಡಗಿ ಕೈ ಎತ್ತಿದ್ದಾನೆಯೇ ಎಂದು ಬಂಡೆಯನ್ನು ಕೇಳಿದರು. ಇಲ್ಲ. ಕೂಗಾಟ? ಮೊದಲ ಆರು ತಿಂಗಳು. ಆಮೇಲೆ? ಸುಮ್ಮನಿರುತ್ತಾನೆ.

“ಮತ್ತೆ ಅಪಾಯಕಾರಿ ಅಂತ ಯಾಕೆ ಬರೆದ್ರಿ?”

“ಸುಮ್ನಿರೋರನ್ನ ನಂಬೋಕಾಗಲ್ಲ ಮೇಡಂ.”

ಕ್ಲಾಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ. ಒಂಬತ್ತನೇ ಸೆಲ್ಲಿನ ಜವಾಬ್ದಾರಿ ಇನ್ನು ನಿಮ್ಮದೇ ಎಂದು ಹೇಳಿ ಬರೆದುಕೊಂಡರು.

ಮೊದಲ ಎರಡು ವಾರ ದಿನಾ ಅರ್ಧ ಗಂಟೆ ಬಾಗಿಲು ತೆರೆದಿಟ್ಟು, ಹೊರಗೆ ಸ್ಟೂಲ್ ಹಾಕಿಕೊಂಡು ಮಾತಾಡಿಸಬೇಕು. ಬಂಡೆ ಜೀವ ಕೈಯಲ್ಲಿ ಹಿಡಿದುಕೊಂಡು ಕೂತರು. ನಾಲ್ಕು ದಿನ ಆ ಅರ್ಧ ಗಂಟೆಯನ್ನು ಗಡಿಯಾರ ನೋಡಿಯೇ ಕಳೆದರು. ಐದನೇ ದಿನ ಬಡಗಿ, ನಿಮ್ಮ ಸ್ಟೂಲಿನ ಒಂದು ಕಾಲು ಗಿಡ್ಡ ಎಂದ. ಆಮೇಲೆ ಮರ, ಉಳಿ, ಗರಗಸ ಎಂದು ಮಾತು ಸಾಗಿತು. ಆದರೂ ಅವನು ಕಾಲು ಚಾಚಿದರೆ ಸಾಕು, ಇವರ ಕೈ ಬೆಲ್ಟಿನಲ್ಲಿದ್ದ ಅಲಾರಂ ಗುಂಡಿಗೆ ಹೋಗುತ್ತಿತ್ತು.

ಮೂರನೇ ವಾರ, ಬೇಡಿಯಿಲ್ಲದೆ ಅಂಗಳಕ್ಕೆ ಕರೆದೊಯ್ಯಬೇಕು. ಮೂರು ಸಲ ಗಲಾಟೆಯಿಲ್ಲದೆ ಹೋಗಿ ಬಂದರೆ ಬಡಗಿ ಎಲ್ಲರೊಂದಿಗಿರುವ ವಾರ್ಡಿಗೆ ಹೋಗುತ್ತಾನೆ, ಮರಗೆಲಸದ ಶೆಡ್ಡೂ ಸಿಗುತ್ತದೆ. ಹಲ್ಲೆ ಎಂದು ಒಂದು ವರದಿಯಾದರೆ ಮತ್ತೆ ಆರು ತಿಂಗಳು ಒಳಗೆ.

ಅವತ್ತು ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಹೊರಟರು. ಓಣಿಯಂಥ ಉದ್ದನೆಯ ಹಾದಿ, ಕೊನೆಯಲ್ಲಿ ಅಂಗಳದ ಗೇಟು. ಬಂಡೆಯ ಮೈಯೆಲ್ಲ ಕಣ್ಣಾಗಿತ್ತು. ಗೇಟು ತೆರೆದಾಗ ಬಿಸಿಲು ನುಗ್ಗಿತು. ಮೂರು ವರ್ಷ ನಾಲ್ಕು ಹೆಜ್ಜೆಯಾಚೆ ಏನನ್ನೂ ನೋಡದ ಬಡಗಿಗೆ ಕಣ್ಣು ಕತ್ತಲಿಟ್ಟಿತು. ಅವನು ತೂರಾಡಿದ. ಅವನ ಕೈ ಬಂದು ಬಂಡೆಯ ತೋಳನ್ನು ಗಟ್ಟಿಯಾಗಿ ಹಿಡಿಯಿತು.

ಒಂಟಿ ವಿಭಾಗದಲ್ಲಿ ವಾರ್ಡರನ ಕಡೆಗೆ ಬರುವ ಕೈ ಎಂದರೆ ಹೊಡೆಯುವ ಕೈಯೇ, ಬೇರೆ ಅರ್ಥ ಅವರಿಗೆ ಗೊತ್ತಿಲ್ಲ. ಬಂಡೆ ಗುಂಡಿ ಒತ್ತಿದರು. ಸೈರನ್ ಕೂಗಿತು, ಆರು ಜನ ನುಗ್ಗಿ ಬಂದರು. ಬಡಗಿಯ ಮುಖ ನೆಲಕ್ಕೆ ಒತ್ತಿ, ಬೆನ್ನ ಮೇಲೆ ಮೊಣಕಾಲೂರಿದರು.

“ಬೀಳ್ತಿದ್ದೆ ಸಾರ್,” ಎಂದ ಅವನು. ಅಷ್ಟೇ.

ಹಲ್ಲೆ ಯತ್ನ ಅಂತ ಬರೆದು ಕೈ ತೊಳೆದುಕೊಳ್ಳಿ ಎಂದರು ಜೊತೆಯವರು. ಜೈಲಿನ ದೊಡ್ಡ ಸಾಹೇಬರೂ ಸುತ್ತು ಬಳಸಿ ಅದನ್ನೇ ಹೇಳಿದರು. ಹಾಗೆ ಬರೆಯದಿದ್ದರೆ, ಸುಮ್ಮನೆ ಯಾಕೆ ಅಲಾರಂ ಒತ್ತಿದಿರಿ ಎಂಬ ಪ್ರಶ್ನೆ ಬರುತ್ತದೆ, ಇಪ್ಪತ್ತಾರು ವರ್ಷದ ಹೆಸರು ಒಂದೇ ಏಟಿಗೆ ಮಣ್ಣುಪಾಲು. ಬಂಡೆ ಖಾಲಿ ಫಾರ್ಮನ್ನು ಮನೆಗೆ ತಂದರು. ಊಟದ ತಟ್ಟೆಯ ಮುಂದೆ ಕೈ ಕಟ್ಟಿ ಕೂತವರನ್ನು ಹೆಂಡತಿ ಗದರಿಸಿ ಕೇಳಿದ ಮೇಲೆ, ನನಗೆ ಹೆದರಿಕೆಯಾಯಿತು ಕಣೇ ಎಂದರು. ಹೀಗೆ ಹೇಳಿದ್ದು ಅದೇ ಮೊದಲು.

“ಅದನ್ನ ನನಗೇ ಹೇಳ್ತೀರಾ?” ಎಂದಳು ಅವಳು. “ಮಗಳು ಹಿಂದಿನಿಂದ ಬಂದು ಅಪ್ಪಾ ಅಂತ ಭುಜ ಮುಟ್ಟಿದ್ರೂ ಬೆಚ್ಚಿಬೀಳ್ತೀರಿ. ಅವಳು ಈಗೀಗ ಮುಟ್ಟೋದನ್ನೇ ಬಿಟ್ಟಿದ್ದಾಳೆ, ಗೊತ್ತಾ?”

ಅವರಿಗೆ ಗೊತ್ತಿರಲಿಲ್ಲ.

ಮಾರನೇ ದಿನ ಬರೆದರು: ‘ಕೈದಿ ಹಲ್ಲೆ ಮಾಡಲಿಲ್ಲ. ತಲೆಸುತ್ತಿ ನನ್ನ ತೋಳು ಹಿಡಿದನು. ನಾನು ಹೆದರಿ ಗುಂಡಿ ಒತ್ತಿದೆ. ಇಷ್ಟು ದಿನ ಬರೆದ ಫಾರ್ಮುಗಳನ್ನೂ ಹೆದರಿಕೆಯಿಂದಲೇ ಬರೆದೆ.’ ದೊಡ್ಡ ಸಾಹೇಬರು ಕಣ್ಣು ಕೆಂಪು ಮಾಡಿದರು. ಕ್ಯಾಂಟೀನಿನಲ್ಲಿ ಇವರು ಕೂತ ಬೆಂಚಿಗೆ ಯಾರೂ ಬರಲಿಲ್ಲ. ಮೇಡಂ ಮಾತ್ರ ಎರಡು ಸಲ ಓದಿ, ಬಡಗಿಯ ಮೂರು ಸಲದ ಲೆಕ್ಕ ಹಾಗೇ ಮುಂದುವರಿಯುತ್ತದೆ, ನಾಳೆ ನೀವೇ ಕರೆದೊಯ್ಯಿರಿ ಎಂದರು.

ಮರುದಿನ ಬಂಡೆ ಅಲಾರಂ ಬಿಚ್ಚಿ ಜೊತೆಯವನ ಕೈಗೆ ಕೊಟ್ಟು, ಬಾಗಿಲು ತೆರೆದರು. ಬಡಗಿ ಎದುರು ಗೋಡೆಗೆ ಅಂಟಿಕೊಂಡು ಕೂತಿದ್ದ. ಒಂದು ಕೆನ್ನೆ ಊದಿ ಆ ಕಡೆಯ ಕಣ್ಣು ಮುಚ್ಚಿಹೋಗಿತ್ತು.

“ತಪ್ಪು ನಂದೇ ಅಂತ ಬರೆದಿದ್ದೀನಿ,” ಎಂದರು ಬಂಡೆ. “ಗುಂಡೀನೂ ತಂದಿಲ್ಲ. ಬನ್ನಿ, ಹೋಗೋಣ.”

ಬಡಗಿ ತೆರೆದಿದ್ದ ಒಂದೇ ಕಣ್ಣಿನಲ್ಲಿ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

“ನಿಮ್ಮ ಕೈ ನಡುಗ್ತಿದೆ ಸಾರ್. ಹೆದರ್ಕೊಂಡಿರೋರ ಜೊತೆ ನಾನು ಬರಲ್ಲ. ಬಾಗಿಲು ಹಾಕಿ.”

ಇಷ್ಟು ವರ್ಷದಲ್ಲಿ ಬಾಗಿಲು ತೆಗೆಯಿರಿ ಎಂದು ಅಂಗಲಾಚಿದವರನ್ನು ಅವರು ಲೆಕ್ಕವಿಲ್ಲದಷ್ಟು ನೋಡಿದ್ದರು. ಹಾಕಿ ಎಂದವನು ಇವನೊಬ್ಬನೇ. ಬಂಡೆ ಚಿಲಕ ಹಿಡಿದು ನಿಂತರು. ಹಾಕಲು ಮನಸ್ಸಾಗಲಿಲ್ಲ, ಒಳಗೆ ಹೋಗಲು ಧೈರ್ಯ ಸಾಲಲಿಲ್ಲ. ಬಡಗಿ ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು, ಅವರ ಕೈಯನ್ನೇ ನೋಡುತ್ತಿದ್ದ.