ಪೆಡಲಿಗೆ ಸುತ್ತಿದ ಬಾವಿಹಗ್ಗ

ನಾದಿನಿ ಮದುವೆಯಾಗಿ ಹೋದ ಮೇಲೆ ಅವಳ ಲೇಡೀಸ್ ಸೈಕಲ್ ನಮ್ಮಲ್ಲೇ ಉಳಿಯಿತು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಯಜಮಾನರಿಗೆ ಸೊಂಟ ಹಿಡಿದು, ಹಿರೇಕೊಡಿಗೆಯ ಡೈರಿಗೆ ಹಾಲು ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಮದುವೆಯಾಗಿ ಬಂದ ಮೇಲೆ ಒಬ್ಬಳೇ ಅಂಗಳ ದಾಟಿದ್ದು ಅದೇ ಮೊದಲು. ಅವರ ಸೊಂಟ ವಾಸಿಯಾಗಲಿ ಎಂದು ತುಪ್ಪದ ದೀಪ ಹಚ್ಚುತ್ತಿದ್ದೆ. ‘ಬೇಗ’ ಎಂದು ಮಾತ್ರ ಬೇಡಿಕೊಳ್ಳುತ್ತಿರಲಿಲ್ಲ.

ನಿಧಾನಕ್ಕೆ ಹೋಗಿ ಬಂದರೆ ಅರ್ಧ ಗಂಟೆ. ಸೈಕಲ್ಲಿಗೆ ಹೊಸಬಳು, ಬಿದ್ದಾಳು ಎಂದು, ತಡವಾದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅಷ್ಟು ಹೊತ್ತು ಕಾಫಿ ಎಲ್ಲಿ, ಟವೆಲ್ ಎಲ್ಲಿ ಎಂದು ಕೇಳುವವರಿರಲಿಲ್ಲ.

ಆರಿದ್ರೆ ಮಳೆ ಹಿಡಿದದ್ದೇ ತಾಪತ್ರಯ ಶುರುವಾಯಿತು. ಪೆಡಲಿನ ರಬ್ಬರು ಸವೆದು ನುಣ್ಣಗಾಗಿತ್ತು, ನನ್ನ ಪ್ಲಾಸ್ಟಿಕ್ ಚಪ್ಪಲಿಯ ಅಟ್ಟೆಯೂ ಹಾಗೇ. ಏರಿನಲ್ಲಿ ಒತ್ತಿ ತುಳಿದರೆ ಸರಕ್ಕನೆ ಜಾರುವುದು. ಎರಡನೆಯ ಸಲ ಬಿದ್ದಾಗ ಮೊಳಕಾಲ ಕೆಳಗೆ ಚರ್ಮ ಕಿತ್ತು, ಹಾಲೆಲ್ಲ ಚರಂಡಿಯ ಪಾಲಾಯಿತು. ಮೂಳೆ ಮುರಿಯಲಿಲ್ಲ, ದೇವರ ದಯೆ.

ಅತ್ತೆ ಗಾಯಕ್ಕೆ ಅರಿಶಿನ ಹಚ್ಚುತ್ತಲೇ ಹೇಳಿದರು: “ನೀನೆಂತ ಸರ್ಕಸ್ ಕಂಪೆನಿಗೆ ಸೇರಿದ್ಯನೇ ಮಾರಾಯ್ತಿ? ಇನ್ನೊಂದ್ಸಲ ಬಿದ್ಯೋ, ಸೈಕಲ್ ಅಟ್ಟಕ್ಕೆ. ಹಾಲು ಪಕ್ಕದ್ಮನೆ ಜೀಪಲ್ಲಿ ಹೋಗ್ತದೆ.”

ಅವರು ಆಡಿದ್ದನ್ನು ಮಾಡುವವರೇ. ಆ ರಾತ್ರಿ ಅಟ್ಟದ ಏಣಿಯತ್ತ ನೋಡದೆಯೇ ಓಡಾಡಿದೆ.

ಮೊದಲು ಹಳೇ ಟ್ಯೂಬು ಕತ್ತರಿಸಿ ಪೆಡಲಿಗೆ ಸುತ್ತಿದೆ. ಒಣಗಿದ್ದಾಗ ಹಿಡಿಯಿತು, ಕೆಸರು ನೀರು ತಾಗಿದ್ದೇ ಮೊದಲಿಗಿಂತ ಜಾರು. ಏರಿನಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಹೋದೆ.

ಬಾವಿಯಿಂದ ನೀರು ಸೇದುವಾಗ ಹೊಳೆಯಿತು. ಹೊಸ ನೈಲಾನ್ ಹಗ್ಗ ಒದ್ದೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಹಿಂದಿನ ತೆಂಗಿನ ನಾರಿನ ಹಗ್ಗ ಯಾವಾಗಲೂ ಒದ್ದೆಯಾಗಿದ್ದರೂ ಒಮ್ಮೆಯೂ ಜಾರಿರಲಿಲ್ಲ. ಕೊಟ್ಟಿಗೆಯಲ್ಲಿ ಬಿದ್ದಿದ್ದ ಅದರ ತುಂಡು ತಂದು, ಎಳೆ ಬಿಡಿಸಿ, ಪೆಡಲಿಗೆ ಒತ್ತೊತ್ತಾಗಿ ಬಿಗಿದೆ. ಕತ್ತಿ ಕಾಯಿಸಿ ಚಪ್ಪಲಿಯ ಅಟ್ಟೆಗೂ ಅಡ್ಡಗೆರೆ ಎಳೆದೆ.

ಜಗಲಿಯಲ್ಲಿ ಮಲಗಿದ್ದ ಯಜಮಾನರು, “ಸೈಕಲ್ಲಿಗೆ ಮೂಗುದಾರ ಹಾಕ್ತಿದೀಯೇನೇ?” ಎಂದು ನಕ್ಕರು.

“ನಗಿ, ನಗಿ. ನಿಮ್ಮ ಸೊಂಟಕ್ಕೆ ಸುತ್ತೋಕೂ ಸ್ವಲ್ಪ ಉಳ್ಸಿದೀನಿ” ಎಂದೆ.

ಮರುದಿನ ಜಡಿಮಳೆ. ರಾಮ ರಾಮ ಎನ್ನುತ್ತ ತುಳಿದೆ. ನಾರು ನೀರು ಕುಡಿದು ಉಬ್ಬಿ, ಚಪ್ಪಲಿಯನ್ನು ಕಚ್ಚಿ ಹಿಡಿಯಿತು. ಏರು ಮುಗಿಯುವವರೆಗೂ ಕಾಲು ಅಲುಗಲಿಲ್ಲ.

ಮನೆಗೆ ಬಂದಾಗ ಅತ್ತೆ ಬಗ್ಗಿ ಪೆಡಲನ್ನು ಬೆರಳಿನಿಂದ ಉಜ್ಜಿ ನೋಡಿದರು. ಅವರ ಮುಖ ಅರಳಿತು.

“ಪರವಾಗಿಲ್ವೇ! ಜಾರೂದಿಲ್ಲ ಅಂದ್ಮೇಲೆ ಇನ್ನು ನಿಧಾನ ಎಂತಕ್ಕೆ? ಹೋದದ್ದೇ ಬಂದ್ಬಿಡು. ರೊಟ್ಟಿ ತಟ್ಟೂಕೆ ನೀನೇ ಸಿಕ್ತೀಯ.”

ಹೊಗಳಿಯೇ ಹೇಳಿದ್ದು. ಹ್ಞೂಂ ಎಂದೆ.

ಸೈಕಲ್ ಅಟ್ಟ ಏರಲಿಲ್ಲ, ಅದನ್ನು ದೇವರ ದಯೆಯ ಲೆಕ್ಕಕ್ಕೇ ಹಾಕಿದ್ದೇನೆ. ನನ್ನದಾಗಿದ್ದ ಆ ಅರ್ಧ ಗಂಟೆ ಮಾತ್ರ ಕೈತಪ್ಪಿತು. ಅಂದಿನಿಂದ ಬೇಗ ಬಂದು, ಮನೆಗೆ ಕಾಣದ ತಿರುವಿನಲ್ಲಿ ಇಳಿದು, ರಾಮನಾಮ ಹೇಳುತ್ತ ಮಳೆಯಲ್ಲಿ ನಿಲ್ಲುತ್ತಿದ್ದೆ, ಮನೆಯೊಳಗಿಂದ ಅತ್ತೆಯ “ಬಂದ್ಯನೇ?” ಎಂಬ ಕೂಗು ಕೇಳುವವರೆಗೆ. ಕೆಲವು ದಿನ ಕೂಗು ತಡವಾಗಿ ಬರುತ್ತಿತ್ತು.