ಎಡ ಬಗಲಲ್ಲಿ ತಪ್ಪಿದ ಸಾಲು

ಹೆಣಿಗೆ ಅಕ್ಕೋರ ಬಲಗೈ ತೋರುಬೆರಳಿನ ಬದಿಯಲ್ಲಿ ಒಂದು ಗೀರಿತ್ತು. ವರ್ಷಾನುಗಟ್ಟಲೆ ಉಲ್ಲನ್ ದಾರ ಅಲ್ಲೇ ಜಾರಿ ಜಾರಿ ಚರ್ಮ ತಗ್ಗಾಗಿ ಹೊಳೆಯುತ್ತಿತ್ತು. ಬಸ್ಸಿನಲ್ಲಿ ಅವರ ಪಕ್ಕ ಕೂತಾಗೆಲ್ಲ ನನ್ನ ಕಣ್ಣು ಆ ಬೆರಳಿನ ಮೇಲೇ.

ಇಬ್ಬರೂ ಹುಮನಾಬಾದಿನ ಒಂದೇ ಗಲ್ಲಿಯವರು. ದಿನಾ ಬೆಳಿಗ್ಗೆ ಒಂದೇ ಬಸ್ಸಿಗೆ ಬಸವಕಲ್ಯಾಣಕ್ಕೆ ಹೋಗುತ್ತಿದ್ದೆವು. ನಾನು ಕಾಲೇಜಿಗೆ, ಅವರು ಹೆಣ್ಣುಮಕ್ಕಳಿಗೆ ಹೆಣಿಗೆ ಕಲಿಸುವ ಕೇಂದ್ರಕ್ಕೆ. ಕೆಮಿಕಲ್ ಫ್ಯಾಕ್ಟರಿಯಲ್ಲಿ ಪಾಳಿ ಮಾಡುವ ಅವರ ಮಗ, "ಇನ್ನ ಮನ್ಯಾಗ ಕುಂದ್ರವ್ವ" ಎಂದು ಗೊಣಗಿದಾಗಲೆಲ್ಲ ಅಕ್ಕೋರು ಚೀಲ ಹೆಗಲಿಗೇರಿಸಿ ಹೊರಟೇಬಿಡುತ್ತಿದ್ದರು. ಕಲಿಯುವವರು ತಪ್ಪಿದರೆ ಅವರ ಬಳಿ ರಿಯಾಯಿತಿ ಇಲ್ಲ. ಹತ್ತು ಸಾಲು ಹಿಂದಿನ ತಪ್ಪಾದರೂ ಒಂದೇ ಮಾತು: "ಬಿಚ್ಚು. ಮತ್ತ ಹೆಣಿ."

ಆ ವರ್ಷ ಟಿವಿ ಧಾರಾವಾಹಿಯೊಂದರ ನಾಯಕಿ ನೀಲಿ ಸ್ವೆಟರ್ ಹಾಕಿಕೊಂಡು ಬರುತ್ತಿದ್ದಳು. ಕೊರಳಿನಿಂದ ಅಂಚಿನವರೆಗೆ ಉದ್ದುದ್ದ ಉಬ್ಬುಸಾಲು, ಆಗಷ್ಟೇ ಉತ್ತ ಹೊಲದ ಹಾಗೆ. ಕಾಲೇಜಿನ ಗ್ಯಾದರಿಂಗ್‌ಗೆ, ಅಂದರೆ ವಾರ್ಷಿಕೋತ್ಸವಕ್ಕೆ, ನನಗೂ ಅದೇ ಬೇಕು. ಅಕ್ಕೋರಿಗೆ ದುಂಬಾಲು ಬಿದ್ದೆ.

"ನಾ ಟಿವಿ ನೋಡಲ್ಲವ್ವ. ನೀ ನೋಡ್ಕೊಂಡ್ ಬಂದು ಹೇಳು, ನಾ ಹೆಣಿತೀನಿ" ಎಂದರು.

ಕಾಲರ್ ಎಷ್ಟು ದಪ್ಪ, ತೋಳು ಎಲ್ಲಿಯವರೆಗೆ, ಎಲ್ಲ ನೋಡಿ ಬಂದು ಹೇಳಿದೆ. ಅವರು ಎರಡು ಕುಣಿಕೆ ಸೀದಾ, ಎರಡು ಉಲ್ಟಾ ಹಾಕುತ್ತ ಹೋದರು. ಪ್ರತಿ ಉಬ್ಬನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. ಪಳಗಿದ ಕೈ ಎಂದರೆ ಹೀಗಿರಬೇಕು ಎಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟೇ ಓಡಿತ್ತು.

ಒಂದು ಬೆಳಿಗ್ಗೆ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಅವರು ಕಲಬುರಗಿ ಬಸ್ಸು ಹತ್ತತೊಡಗಿದರು. ಸೆರಗು ಹಿಡಿದು ನಿಲ್ಲಿಸಿದೆ. "ಅಕ್ಕೋರ, ಬೋರ್ಡ್ ನೋಡ್ಲಿಲ್ಲೇನ್ರಿ?"

ಕೆಳಗಿಳಿದು ಚೀಲವನ್ನು ಹೆಗಲಿಗೆ ಸರಿಮಾಡಿಕೊಂಡರು. ಆಮೇಲೆ, "ಮಬ್ಬ್ ಮಬ್ಬ್ ಕಾಣಾಕತ್ತದ. ತಲಿನೂ ಭಾಳ ನೋಯ್ತದ" ಎಂದರು. "ಮನ್ಯಾಗ ಹೇಳಬ್ಯಾಡ. ಕುಂದ್ರಸಿಬಿಡ್ತಾರ. ನಾನೇ ಒಂದಿನ ಹೋಗಿ ತೋರಸ್ತೀನಿ."

"ಹೇಳಲ್ರಿ" ಎಂದೆ. ಅವರ ಮೇಲಿನ ಗೌರವದಿಂದ ಗುಟ್ಟು ಕಾಪಾಡಿದೆ ಎಂದು ಈಗ ಬರೆದರೆ ಅದು ಸುಳ್ಳು. ಗ್ಯಾದರಿಂಗ್‌ಗೆ ಮೂರು ವಾರ ಉಳಿದಿತ್ತು. ಒಂದು ತೋಳು ಬಾಕಿ ಇತ್ತು.

ಎಡ ಬಗಲಿನ ಕೆಳಗೆ ಒಂದು ಕಡೆ ಉಬ್ಬು ಬರಬೇಕಾದಲ್ಲಿ ತಗ್ಗಾಗಿದ್ದೂ ಅದೇ ವಾರ ನನಗೆ ಕಂಡಿತು. ಹೇಳಿದರೆ ಬಿಚ್ಚುತ್ತಾರೆ, ಮತ್ತೆ ಹೆಣೆಯಲು ಎಂಟು ದಿನ. ಅದಕ್ಕೂ ಬಾಯಿ ಹೊಲಿದುಕೊಂಡೆ. ಗ್ಯಾದರಿಂಗ್ ದಿನ ಗೆಳತಿಯರು ಆಸೆಪಟ್ಟು ಮುಟ್ಟಿ ನೋಡಿದರು. ನಾನು ಎಡಗೈ ಎತ್ತಲೇ ಇಲ್ಲ.

ಮುಂದಿನ ತಿಂಗಳು ಅಕ್ಕೋರು ಬಸ್ಸಿನ ಮೆಟ್ಟಿಲು ತಪ್ಪಿ ಬಿದ್ದರು. ಮಗ ಬೀದರಿಗೆ ಕರೆದೊಯ್ದ. ಕಣ್ಣಿನ ಒತ್ತಡ ಏರಿ ನರವೇ ಹೋಗಿದೆ, ಎರಡು ತಿಂಗಳು ಮೊದಲು ಬಂದಿದ್ದರೆ ಅಷ್ಟಿಷ್ಟು ಉಳಿಯುತ್ತಿತ್ತು ಎಂದರಂತೆ ಡಾಕ್ಟರು. ನನಗೆ ಮೊದಲೇ ಗೊತ್ತಿತ್ತೆಂದು ಅಕ್ಕೋರು ಯಾರಿಗೂ ಹೇಳಲಿಲ್ಲ. ನನಗೂ ಹೇಳುವ ಧೈರ್ಯ ಬರಲಿಲ್ಲ.

ಆಮೇಲೆ ಅವರು ಮನೆಯಲ್ಲೇ ಉಳಿದರು. ಒಂದು ದಿನ ನನ್ನಿಂದ ಆ ಸ್ವೆಟರ್ ತರಿಸಿಕೊಂಡು ತೊಡೆಯ ಮೇಲೆ ಹರವಿದರು. ಬೆರಳು ಸಾಲು ಸಾಲಾಗಿ ಹೋಗಿ ಎಡ ಬಗಲಲ್ಲಿ ನಿಂತಿತು.

"ಇಲ್ಲಿ ತಪ್ಪೀನಿ. ನಿನಗ ಕಂಡಿತ್ತಲ್ಲ?"

"ಕಂಡಿತ್ರಿ."

"ಆವಾಗ ಹೇಳಿದ್ರ ಬಿಚ್ಚಿ ಹೆಣಿತಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಮಣ್ಣು ಮುಗಿಸಿ ಬಂದ ಮಗ ನನ್ನೆದುರು ಕೈಮುಗಿದು, "ದಿನಾ ಅವ್ವನ ಜೋಡಿ ಇದ್ದಿ ತಂಗಿ. ನಾವು ನೋಡಲಾರದಷ್ಟು ನೀ ನೋಡ್ಕೊಂಡಿ" ಎಂದ.

ಅವತ್ತೂ ನಾನು ಹೇಳಲಿಲ್ಲ.