ಚಂದ್ರಭಾಗಾ ಹೇಳಿದ ಸುಳ್ಳು

ನಾಗಣಸೂರಿನ ಚಂದ್ರಭಾಗಾ ಹಗೆ ಮರೆಯುವ ಹೆಂಗಸಲ್ಲ. ತನ್ನ ಟಗರಿಗೆ ಕಲ್ಲೆಸೆದವನ ಮನೆಯ ಮದುವೆಯೂಟವನ್ನೂ ಉಂಡವಳಲ್ಲ. ಅಂಥವಳ ಮಗನ ತಲೆ ಒಡೆದು ದಕ್ಕಿಸಿಕೊಳ್ಳುವೆನೆಂದು ಮೈದುನ ಮರೆಪ್ಪ ಹೊರಟಿದ್ದ.

ಹೊಲದ ಗೊಬ್ಬರಕ್ಕೆ ರಾತ್ರಿ ಯಾರ ಕುರಿಹಿಂಡು ಕೂಡಿಸಬೇಕೆಂದು ಅವನಿಗೂ ಆಕೆಯ ಮಗ ಗುರುಸಿದ್ಧನಿಗೂ ಜಗಳ. ಮರೆಪ್ಪ ಬಡಿಗೆ ತೋರಿಸಿ ಹೋದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಮರುದಿನ ಗುರುಸಿದ್ಧನ ತಲೆಗೆ ಹೊಡೆದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಮರೆಪ್ಪ ಬೀರೋಬನ ಗುಡಿಯಲ್ಲಿ ಭಂಡಾರ ಎತ್ತಿ 'ನಾ ಹೊಡದಿಲ್ಲ' ಎಂದುಬಿಟ್ಟ. ದೇವರ ಅರಿಶಿನ ಹಿಡಿದು ಆಣೆ ಮಾಡಿದವನನ್ನು ಮತ್ತೆ ಕೇಳುವ ಪದ್ಧತಿ ಇಲ್ಲ. ಊರು ಬಾಯಿ ಮುಚ್ಚಿತು. ಇನ್ನು ಹೇಳಬೇಕಾದವನು ಗುರುಸಿದ್ಧನೊಬ್ಬನೇ. ಅವನೋ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದ.

ಡಾಕ್ಟರರು ಬಿಡಿಸಿ ಹೇಳಿದ್ದರು: ಪೆಟ್ಟಾದ ಮಿದುಳಿನಿಂದ ಒಂದು ಪ್ರೋಟೀನು ರಕ್ತಕ್ಕೆ ಸೋರುತ್ತದೆ, ಅದರ ನಂಬರು ಇಳಿಯುತ್ತ ಬಂದರೆ ಆಸೆ, ಏರಿದರೆ ಕಷ್ಟ, ಆದರೆ ಅದೊಂದೇ ಕೊನೆಯ ಮಾತಲ್ಲ. ಚಂದ್ರಭಾಗಾ ನರ್ಸ್ ರೂಪಾಲಿಯನ್ನು ಕಂಡಾಗಲೆಲ್ಲ ಕೇಳುವಳು, 'ಇಳೀತೇನವಾ?' ಮಗ ಏಳಬೇಕು, ಎದ್ದು ಆ ಹೆಸರು ಹೇಳಬೇಕು. ಎರಡರಲ್ಲಿ ಯಾವುದು ಹೆಚ್ಚು ಬೇಕೆಂದು ಕೇಳಿದ್ದರೆ ಆಕೆ ತಡವರಿಸುತ್ತಿದ್ದಳು. ಸಿಟ್ಟು ಅಷ್ಟಿತ್ತು.

ಆವತ್ತು ರೂಪಾಲಿ ತಲೆ ತಗ್ಗಿಸಿದಳು. 'ಮತ್ತ ಏರೈತಿ, ಮಾವಶಿ.'

ಅಷ್ಟರಲ್ಲಿ ಮರೆಪ್ಪ ಬಾಳೆಹಣ್ಣು ಹಿಡಿದು ಬಂದ. ಜೊತೆಗೆ ಬೀರೋಬನ ಪೂಜಾರಿ ನಾಗಣ್ಣ. ಮರೆಪ್ಪನಿಗೂ ಆ ನಂಬರಿನದೇ ಚಿಂತೆ. 'ರಕ್ತದ ರಿಪೋರ್ಟ ಏನ ಬಂತು, ವೈನಿ?'

ಚಂದ್ರಭಾಗಾ ಸೆರಗಿನಿಂದ ಮುಖ ಒರೆಸಿಕೊಂಡಳು. 'ಇಳದೈತಿ. ಮುಂಜಾನೆ ಕಣ್ಣ ತಗದಾನ. ನಿನ್ನ ಹೆಸರ ಹೇಳ್ಯಾನ. ಪೊಲೀಸ್ರು ಬರಾಕತ್ಯಾರ.'

ಮರೆಪ್ಪ ಹಣ್ಣು ನೆಲಕ್ಕಿಟ್ಟು ಕೈ ಮುಗಿದ. 'ಒಂದ ಏಟ ಹಾಕೀನಿ, ವೈನಿ. ಸಾಯಲಿ ಅಂತ ಹಾಕಿಲ್ಲ.'

ನಾಗಣ್ಣ ಅವನಿಂದ ದೂರ ಸರಿದು ನಿಂತ. 'ಭಂಡಾರ ಎತ್ತಿ ಸುಳ್ಳ ಹೇಳಿದೇನೋ?'

'ಕೇಳಿದ್ರಲ್ಲ ಪೂಜಾರಿ, ಪೊಲೀಸ್ರ ಮುಂದನೂ ಇದನ್ನ ಹೇಳ್ರಿ' ಎಂದು ಆಕೆ ಮರೆಪ್ಪನ ಕಡೆ ತಿರುಗಿದಳು. 'ನಂಬರ ಏರೈತಿ. ಅಂವಾ ಕಣ್ಣ ತಗದಿಲ್ಲ. ಇನ್ನ ನೀ ಜೇಲಿನ್ಯಾಗ ಕುಂತು, ಬೀರೋಬ ಏನ ಮಾಡ್ತಾನಂತ ಕಾಯಿ.' ಆಕೆಯ ಹೊಟ್ಟೆ ತಣ್ಣಗಾಯಿತು. ನಿಜವಾಗಿಯೂ ಆಯಿತು, ಮುಚ್ಚಿಡುವುದೇಕೆ.

ಒಳಗೆ ಹೋಗಿ ಮಗನ ಕಿವಿಯ ಹತ್ತಿರ ಬಾಗಿದಳು.

'ಅಂವಾ ಒಪ್ಕೊಂಡ, ಗುರುಸಿದ್ಧಾ. ಇನ್ನ ನೀ ಯಾರ ಹೆಸರೂ ಹೇಳೂದು ಬ್ಯಾಡ. ಬರೇ ಕಣ್ಣ ತಗಿ.'

ಗುರುಸಿದ್ಧ ಕಣ್ಣು ತೆರೆಯಲಿಲ್ಲ.